ನಿಮಗಿದು ಗೊತ್ತೆ? ಆರು ಒತ್ತಿನ ಲೆಕ್ಕ

ಉಬ್ಬಸದ ಪಂಪಿಗೂ ಕ್ರೀಡೆಯಲ್ಲಿ ಮಿತಿಯುಂಟು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ (ವಾಡಾ) ನಿಯಮದಂತೆ ಪಂಪಿನ ಔಷಧಿಯಾದ ಸಾಲ್ಬುಟಮಾಲ್ ಅನ್ನು ಎಳೆದುಕೊಳ್ಳಬಹುದಾದದ್ದು 24 ಗಂಟೆಯಲ್ಲಿ 1600 ಮೈಕ್ರೋಗ್ರಾಂ. ಯಾವುದೇ 8 ಗಂಟೆಯಲ್ಲಿ 600 ದಾಟುವಂತಿಲ್ಲ. ಒತ್ತಿಗೆ 100 ಮೈಕ್ರೋಗ್ರಾಂ ಬಿಡುವ ಪಂಪಾದರೆ, ಆರು ಒತ್ತು.

ಪಂಪು ಎಳೆದರೆ ಕುದುರೆಯಂತೆ ಓಡಬಹುದೆ? ಇಲ್ಲ. ಉಬ್ಬಸವಿಲ್ಲದವರಿಗೆ ಸಾಮಾನ್ಯ ಪ್ರಮಾಣದಲ್ಲಿ ದಮ್ಮೇನೂ ಹೆಚ್ಚುವುದಿಲ್ಲ. ಆರೋಗ್ಯವಂತರ ಓಟಕ್ಕೆ ಮಿತಿ ಹಾಕುವುದು ಹೆಚ್ಚಾಗಿ ಹೃದಯ ಮತ್ತು ಸ್ನಾಯು, ಶ್ವಾಸನಾಳವಲ್ಲ. ಅದೇ ಔಷಧಿಯನ್ನು ಮಾತ್ರೆಯಾಗಿ ನುಂಗಿದರೆ ಸ್ನಾಯುಬಲ ಏರಬಹುದು. ಹಾಗಾಗಿ ಅದು ನಿಷಿದ್ಧ.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 16 ವರ್ಷದ ಅಮೆರಿಕದ ಈಜುಗಾರ ರಿಕ್ ಡಿಮಾಂಟ್ 400 ಮೀಟರ್ ಫ್ರೀಸ್ಟೈಲ್ ಚಿನ್ನ ಕಳೆದುಕೊಂಡ. ಅವನ ಉಬ್ಬಸದ ಮಾತ್ರೆಯಲ್ಲಿ ನಿಷಿದ್ಧ ಎಫೆಡ್ರಿನ್ ಇತ್ತು. ಪಾಪ, ಮಾತ್ರೆಯ ಹೆಸರನ್ನು ಅವನು ಮೊದಲೇ ಬರೆದುಕೊಟ್ಟಿದ್ದ!

ಜತ್ತ ತಾಲೂಕಿನ ಉಮದಿ, ಸಂಖ ಕಡೆಯ ಪೈಲ್ವಾನರೂ ಓಟಗಾರರೂ ಪಂಪಿಗಿಂತ ಹೆಚ್ಚು ಹೆದರಬೇಕಾದದ್ದು ಕೆಮ್ಮಿನ ಸಿರಪ್ಪಿಗೆ. ನಮ್ಮ ಔಷಧಿ ಅಂಗಡಿಗಳ ಹಲವು ಸಿರಪ್ಪುಗಳಲ್ಲಿ ಸಾಲ್ಬುಟಮಾಲ್ ಬಗೆಯದೇ ಔಷಧಿಯಾದ ಟರ್ಬುಟಲಿನ್ ಇರುತ್ತದೆ. ಚಿಕಿತ್ಸೆಗೆಂದು ವಿಶೇಷ ಅನುಮತಿ ಪಡೆಯದಿದ್ದರೆ ಅದು ಸ್ಪರ್ಧೆಯ ದಿನವಷ್ಟೇ ಅಲ್ಲ, ವರ್ಷವಿಡೀ ನಿಷಿದ್ಧ.