ಸಿರುಗುಪ್ಪದ ಮೊದಲ ವರ್ಷ

ವೇದಾವತಿಯ ದಡದ ಹಿರಿಯೂರಿನಲ್ಲಿ ಬೆಳೆದ ನಾನು ಕನ್ನಡ ಅಧ್ಯಾಪಕನಾಗಿ ಸಿರುಗುಪ್ಪಕ್ಕೆ ಬಂದಿಳಿದ ದಿನ, ಬಾಡಿಗೆ ಮನೆಯೊಡತಿಯಾದ ಅಜ್ಜಿ ನನ್ನೊಡನೆ ಕನ್ನಡದಲ್ಲಿ ಮಾತನಾಡಿ, ಒಡನೆಯೇ ಒಳಗಿದ್ದ ಸೊಸೆಯನ್ನು ತೆಲುಗಿನಲ್ಲಿ ಕರೆದರು. ‘ನಿಮ್ಮ ಮನೆಮಾತು ಯಾವುದು?’ ಎಂದೆ. ಪ್ರಶ್ನೆಯೇ ಅವರಿಗೆ ವಿಚಿತ್ರವಾಗಿ ಕಂಡಿರಬೇಕು, ನಕ್ಕು ಸುಮ್ಮನಾದರು.

ಅವರ ತವರು ಆದೋನಿ. ಮದುವೆಯಾಗಿ ಬಂದಾಗ ಎರಡೂ ಊರುಗಳು ಮದರಾಸಿನ ಆಡಳಿತಕ್ಕೊಳಪಟ್ಟ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಸಿರುಗುಪ್ಪಗಳು ಮೈಸೂರಿಗೆ ಬಂದವು. ಅಜ್ಜಿಯ ತವರು ಹೀಗೆ ಪರರಾಜ್ಯವಾಯಿತು. ಆದರೂ ಕುರುಗೋಡಿನ ದೊಡ್ಡ ಬಸವೇಶ್ವರನ ಜಾತ್ರೆಗೆ ಅಣ್ಣತಮ್ಮಂದಿರು ಬರುವುದು ತಪ್ಪಲಿಲ್ಲವಂತೆ.

ಮೊದಲ ಪ್ರಬಂಧಗಳನ್ನು ತಿದ್ದುವಾಗ ಹುಡುಗನೊಬ್ಬ ‘ಹಗರಿ’ ಎಂದು ಬರೆದಿದ್ದುದನ್ನು ಕಂಡೆ. ಕೆಂಪು ಶಾಯಿಯಿಂದ ಹೊಡೆದು ‘ವೇದಾವತಿ’ ಎಂದು ಬರೆದೆ. ತರಗತಿಯಲ್ಲಿ ಓದಿ ಹೇಳಿದೆ ಕೂಡ. ಎಂ.ಎ. ಪದವಿಯ ಜಂಬ, ಮತ್ತೇನು! ಮನೆಯಲ್ಲಿ ತೆಲುಗಾಡುವ ಆ ಹುಡುಗನನ್ನು ನೋಡಿ ಉಳಿದವರು ನಕ್ಕರು. ಅವನು ಒಂದು ತಿಂಗಳು ತುಟಿ ಬಿಚ್ಚಲಿಲ್ಲ.

ನನ್ನೂರಿನ ಹೊಳೆಯೇ ಇತ್ತ ಹರಿದು ಬಂದು ಹಗರಿಯೆನಿಸಿ ತುಂಗಭದ್ರೆಯನ್ನು ಸೇರುವುದೆಂದೂ, ಇಲ್ಲಿಯ ಕನ್ನಡಿಗರ ಬಾಯಲ್ಲೂ ಅದೇ ಹೆಸರೆಂದೂ ತಿಳಿಸಿದವರು ಅಜ್ಜಿ. ಮರುದಿನ ಅವನ ಪುಸ್ತಕವನ್ನು ಕೇಳಿ ಪಡೆದು, ಎಲ್ಲರೆದುರಿಗೆ ನನ್ನ ತಿದ್ದುಪಡಿಯನ್ನು ನಾನೇ ಹೊಡೆದುಹಾಕಿದೆ.

ಅವನು ಪುಟವನ್ನು ಬಹಳ ಹೊತ್ತು ನೋಡಿದ. ಬಳಿಕ ಎದ್ದು ನಿಂತು ಕೇಳಿದ: “ಹಂಗಾದ್ರ ಆ ಅರ್ಧ ಮಾರ್ಕು ಕೊಡ್ತೀರೇನ್ರಿ ಸರ್?”