ಒಂದು ಗೇಣು ದೂರದ ಬೆಳಕು

ಮುರುಡೇಶ್ವರದ ದಂಡೆ ಬಿಟ್ಟ ದೋಣಿಗೆ ಸುಮಾರು ಒಂದೂವರೆ ಗಂಟೆಯ ಮೇಲೆ ನೇತ್ರಾಣಿ ದ್ವೀಪದ ಬಂಡೆಗೋಡೆ ಎದುರಾಗುತ್ತದೆ. ಮೇಲೆ ದಟ್ಟ ಹಸಿರು, ಅದರ ನೆತ್ತಿಯಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳ ಸುತ್ತಾಟ, ಬುಡದಲ್ಲಿ ಅಲೆ ಬಡಿದು ಏಳುವ ನೊರೆ. ಮಳೆಗಾಲದ ಅಬ್ಬರ ಇಳಿದು ನೀರು ತಿಳಿಯಾಗತೊಡಗಿದ ಮೇಲೆ, ಅಕ್ಟೋಬರಿನಿಂದ ಮೇ ತಿಂಗಳ ತನಕ, ಇಲ್ಲಿ ಸ್ಕೂಬಾ ಡೈವಿಂಗಿನ ಕಾಲ. ಬೆನ್ನಿಗೆ ಸಿಲಿಂಡರ್ ಬಿಗಿದುಕೊಂಡು ದೋಣಿಯ ಅಂಚಿನಲ್ಲಿ ಕೂತವರ ಮಣಿಕಟ್ಟನ್ನು ನೋಡಿ: ಹಲವರಲ್ಲಿ ಒಂದು ಪುಟ್ಟ ಕ್ಯಾಮೆರಾ ತೂಗುತ್ತಿರುತ್ತದೆ.

ಅಂಗೈಯಗಲದ ಕಾಂಪ್ಯಾಕ್ಟ್ ಕ್ಯಾಮೆರಾ ಅದು. ಅದರ ಸುತ್ತ ನೀರಿನ ಒತ್ತಡ ತಡೆಯುವ ದಪ್ಪ ಪ್ಲಾಸ್ಟಿಕ್ ಹೌಸಿಂಗ್. ಮುಂದೆ ಚಾಚಿಕೊಂಡ ದುಂಡನೆಯ ಪೋರ್ಟ್, ಅಂದರೆ ಲೆನ್ಸ್ ಹೊರಗೆ ನೋಡುವ ಗಾಜು. ಆ ಪೋರ್ಟಿನ ಸುತ್ತ ಸಿಕ್ಕಿಸಿದ ಹಾಲುಬಿಳುಪಿನ ಪ್ಲಾಸ್ಟಿಕ್ ತಟ್ಟೆಯೇ ಫ್ಲ್ಯಾಶ್ ಡಿಫ್ಯೂಸರ್. ಕಳಚಿ ತೇಲಿಹೋಗದಿರಲೆಂದು ಅದಕ್ಕೊಂದು ದಾರ ಕಟ್ಟಿರುತ್ತಾರೆ. ಇಡೀ ಸಲಕರಣೆಯಲ್ಲಿ ಇದಕ್ಕಿಂತ ಸರಳವಾದ ಭಾಗ ಇನ್ನೊಂದಿಲ್ಲ. ಇದನ್ನು ಪೆಟ್ಟಿಗೆಯಲ್ಲೇ ಬಿಟ್ಟು ನೀರಿಗಿಳಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕೆಳಗೆ ಇಳಿದಂತೆ ಬಣ್ಣಗಳು ಒಂದೊಂದಾಗಿ ಕೈಬಿಡುತ್ತವೆ. ಮೊದಲು ಹೋಗುವುದು ಕೆಂಪು. ಹತ್ತು ಮೀಟರ್ ತಲುಪುವಷ್ಟರಲ್ಲಿ ಅದು ಹೆಚ್ಚುಕಡಿಮೆ ಅಳಿಸಿಹೋಗಿರುತ್ತದೆ. ದೋಣಿಯ ಮೇಲೆ ಕಣ್ಣು ಕುಕ್ಕುತ್ತಿದ್ದ ಕೆಂಪು ಈಜುಡುಪು ಇಲ್ಲಿ ಮಂಕಾದ ಕಂದು. ಹವಳದ ಬಂಡೆ, ಅದಕ್ಕಂಟಿದ ಸ್ಪಂಜು, ಸಂದಿಯಲ್ಲಿ ತಲೆ ಹೊರಹಾಕಿ ಬಾಯಿ ತೆರೆದು ಮುಚ್ಚುತ್ತಿರುವ ಮೊರೆ ಈಲ್, ಎಲ್ಲದಕ್ಕೂ ಒಂದೇ ನೀಲಿ-ಬೂದು ಮುಸುಕು. ಬಣ್ಣ ಅಲ್ಲೇ ಇದೆ. ಅದನ್ನು ತೋರಿಸುವ ಬೆಳಕು ಮಾತ್ರ ಅಷ್ಟು ಆಳಕ್ಕೆ ಇಳಿದು ಬಂದಿಲ್ಲ. ಆದ್ದರಿಂದ ಬೆಳಕನ್ನು ನಾವೇ ಒಯ್ಯಬೇಕು.

ಡಿಫ್ಯೂಸರ್ ಇಲ್ಲದೆ ಈಲಿನ ಮೋರೆಗೆ ಫ್ಲ್ಯಾಶ್ ಹೊಡೆದರೆ ಪರದೆಯ ಮೇಲೆ ಮೂಡುವುದು ಅರ್ಧ ಚಿತ್ರ. ಫ್ಲ್ಯಾಶ್ ಇರುವುದು ಕ್ಯಾಮೆರಾದ ಮೇಲಿನ ಒಂದು ಮೂಲೆಯಲ್ಲಿ. ಚಾಚಿಕೊಂಡ ಪೋರ್ಟ್ ಅದಕ್ಕೆ ಅಡ್ಡ ಬರುತ್ತದೆ. ಹಣೆ ಸುಣ್ಣ ಬಳಿದಷ್ಟು ಬೆಳ್ಳಗಾಗಿ, ಕೆಳದವಡೆ ಮತ್ತು ಎದುರು ಮೂಲೆ ಪೋರ್ಟಿನ ನೆರಳಿನಲ್ಲಿ ಮುಳುಗುತ್ತವೆ. ಹತ್ತಿರ ಹೋದಷ್ಟೂ ಈ ನೆರಳು ದೊಡ್ಡದು. ತಟ್ಟೆ ಸಿಕ್ಕಿಸಿ ಅದೇ ಜಾಗದಿಂದ ಕ್ಲಿಕ್ಕಿಸಿ. ಬೆಳಕು ಈಗ ಉಗುರಗಲದ ಕಿಂಡಿಯಿಂದ ನೇರ ಚಿಮ್ಮುವುದಿಲ್ಲ. ಹಾಲುಬಣ್ಣದ ಪ್ಲಾಸ್ಟಿಕ್ಕಿನೊಳಗೆ ಚದುರಿ, ಪೋರ್ಟಿನ ಆಚೀಚೆಯಿಂದಲೂ ಹರಡಿ ಹೊರಬರುತ್ತದೆ. ದವಡೆಯ ಮಡಿಕೆ ಕಾಣುತ್ತದೆ, ಚರ್ಮದ ಚುಕ್ಕೆಗಳು ಕಾಣುತ್ತವೆ, ಬಾಯೊಳಗಿನ ಬಣ್ಣ ಮರಳಿ ಬರುತ್ತದೆ. ನೆರಳು ಇರುತ್ತದೆ, ಆದರೆ ಅಂಚು ಮೆದು. ಅದರಿಂದಲೇ ತಲೆಯ ದುಂಡು ತಿಳಿಯುತ್ತದೆ.

ಬೆಳಕಿನ ಮೂಲ ವಸ್ತುವಿಗಿಂತ ದೊಡ್ಡದಾದಷ್ಟೂ ನೆರಳು ಮೃದು. ಗೇಣು ದೂರದಲ್ಲಿರುವ ಹೆಬ್ಬೆರಳುದ್ದದ ಜೀವಿಗೆ ಈ ತಟ್ಟೆ ದೊಡ್ಡ ದೀಪವೇ ಸರಿ. ಒಂದು ಮೀಟರ್ ಆಚೆಯ ಮೀನಿಗೆ ಅದೇ ತಟ್ಟೆ ಮತ್ತೆ ಒಂದು ಚುಕ್ಕೆ. ಜೊತೆಗೆ ತಟ್ಟೆ ಬೆಳಕಿನ ಒಂದಷ್ಟು ಪಾಲನ್ನು ಅತ್ತಿತ್ತ ಚೆಲ್ಲಿಬಿಡುತ್ತದೆ. ದೂರ ಎರಡು ಪಟ್ಟಾದರೆ ಬೀಳುವ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಉಳಿದದ್ದನ್ನು ಹೋಗುವಾಗಲೂ ಬರುವಾಗಲೂ ನೀರು ಹೀರಿಕೊಳ್ಳುತ್ತದೆ. ಹಾಗಾಗಿ ಇದು ಗೇಣಿನ ಲೆಕ್ಕದ ಸಲಕರಣೆ. ಮೊಳ ದಾಟಿತೆಂದರೆ ಅದರ ಮೇಲೆ ಭರವಸೆ ಇಡಬಾರದು.

ನೀರಿನಲ್ಲಿ ತೇಲುವ ಕಣಗಳ ಕಾಟವೂ ಇದೆ. ಅರಬ್ಬಿ ಸಮುದ್ರದ ಈ ಭಾಗದಲ್ಲಿ ನೀರು ದಿನಕ್ಕೊಂದು ಬಗೆ. ಕೆಲವೊಮ್ಮೆ ಐದು ಮೀಟರ್ ಆಚೆಗೆ ಏನೂ ಕಾಣದು. ಆಗುಂಬೆ ಘಾಟಿಯ ಮಂಜಿನಲ್ಲಿ ಕಾರಿನ ಹೈಬೀಮ್ ಹಾಕಿದರೆ ರಸ್ತೆಯ ಬದಲು ಬಿಳಿಗೋಡೆ ಎದುರಾಗುವುದಿಲ್ಲವೇ, ಇಲ್ಲೂ ಹಾಗೆಯೇ. ಲೆನ್ಸಿನ ಪಕ್ಕದಲ್ಲೇ ಇರುವ ಫ್ಲ್ಯಾಶ್ ಕಣಗಳಿಗೆ ಬಡಿದು ನೇರ ಲೆನ್ಸಿಗೇ ಮರಳುತ್ತದೆ, ಚಿತ್ರದ ತುಂಬ ಬಿಳಿ ಚುಕ್ಕೆ. ಬ್ಯಾಕ್‌ಸ್ಕ್ಯಾಟರ್ ಎನ್ನುವುದು ಇದನ್ನೇ. ಡಿಫ್ಯೂಸರ್ ಇದನ್ನು ತೊಳೆದುಹಾಕುತ್ತದೆ ಎಂದು ಹೇಳುವವರಿದ್ದಾರೆ, ಅದು ನಿಜವಲ್ಲ. ಚುಕ್ಕೆಗಳ ಹರಿತ ತುಸು ಮೊಂಡಾಗಬಹುದು, ಅಷ್ಟೆ. ನಿಜವಾದ ಮದ್ದು ನಡುವಿನ ನೀರನ್ನು ಕಡಿಮೆ ಮಾಡುವುದು: ಹತ್ತಿರ ಹೋಗುವುದು, ಇನ್ನೂ ಹತ್ತಿರ ಹೋಗುವುದು.

ನೀರಿನಡಿಗೆ ಬೆಳಕು ಒಯ್ಯಲು ಹಿಂದಿನವರು ಪಟ್ಟ ಪಾಡು ಸಣ್ಣದಲ್ಲ. ಫ್ರಾನ್ಸಿನ ಬಾನ್ಯುಲ್ಸ್ ಕರಾವಳಿಯಲ್ಲಿ 1893ರಲ್ಲಿ ಕಡಲಡಿಯ ಚಿತ್ರ ತೆಗೆಯಲು ಹೊರಟ ಲೂಯಿ ಬೂತಾನ್, ಪೀಪಾಯಿಯೊಂದರ ಮೇಲೆ ಗಾಜಿನ ಗಂಟೆ ಕೂರಿಸಿ, ಒಳಗಿನ ಸ್ಪಿರಿಟ್ ದೀಪಕ್ಕೆ ಮೆಗ್ನೀಸಿಯಂ ಪುಡಿ ಊದಿಸಿ ಬೆಳಕು ಮಾಡಿದರು. 1926ರಲ್ಲಿ ಫ್ಲಾರಿಡಾದ ಡ್ರೈ ಟೋರ್ಟುಗಾಸ್‌ನಲ್ಲಿ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿ ಸಿಡಿಸಿ, ಕೆಳಗೆ ಈಜುತ್ತಿದ್ದ ಹಾಗ್‌ಫಿಶ್ ಮೀನಿನ ಬಣ್ಣದ ಚಿತ್ರ ಹಿಡಿದರು. ಕಡಲೊಳಗಿನ ಬಣ್ಣ ಹೀಗೆ ಮೊದಲ ಬಾರಿಗೆ ಕಾಗದಕ್ಕೆ ಬಂದದ್ದು ಬೆಂಕಿಯ ಸಹವಾಸದಿಂದ.

ಈಗ ಬಂಡೆಯ ಮೇಲೆ ಕಣ್ಣಾಡಿಸಿ. ಹೆಬ್ಬೆರಳಿಗಿಂತ ಚಿಕ್ಕದಾದ, ಚಿಪ್ಪಿಲ್ಲದ ಕಡಲ ಬಸವನಹುಳು, ನ್ಯೂಡಿಬ್ರಾಂಕ್, ತೆವಳುತ್ತಿರಬಹುದು. ಬೆನ್ನ ಹಿಂಭಾಗದಲ್ಲಿ ಗೊಂಚಲಾಗಿ ಅರಳಿದ ಕಿವಿರು, ತಲೆಯ ಮೇಲೆ ಎರಡು ಕೋಡು. ಒಲಿಂಪಸ್ ಟಿಜಿ-6ರಂಥ ಕ್ಯಾಮೆರಾ ಲೆನ್ಸಿನಿಂದ ಒಂದು ಸೆಂಟಿಮೀಟರ್ ಅಂತರದಲ್ಲೂ ಫೋಕಸ್ ಮಾಡಬಲ್ಲದು. ಅಷ್ಟು ಸಮೀಪದಲ್ಲಿ ತಟ್ಟೆಯಿಲ್ಲದ ಫ್ಲ್ಯಾಶ್ ಹುಳುವಿನ ನೆತ್ತಿಯ ಮೇಲಿಂದ ಹಾರಿ ಹಿಂದಿನ ಬಂಡೆಗೆ ಬೀಳುತ್ತದೆ. ತಟ್ಟೆ ಇದ್ದರೆ ಕಿವಿರಿನ ಎಳೆ ಎಳೆಯೂ ಬೇರೆಯಾಗಿ ನಿಲ್ಲುತ್ತದೆ. ಕಾಂಪ್ಯಾಕ್ಟ್ ಕ್ಯಾಮೆರಾಗೆ ದೊಡ್ಡ ಕ್ಯಾಮೆರಾದವರ ಮುಂದೆ ತಲೆ ಎತ್ತಿ ನಿಲ್ಲುವ ಎಡೆಯೆಂದರೆ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆಚೆ ಗಿಣಿಮೀನುಗಳ ಗುಂಪು ಹಾದುಹೋದರೆ ಆಸೆಪಟ್ಟು ಫ್ಲ್ಯಾಶ್ ಹೊಡೆಯುವುದು ದಂಡ. ಅದನ್ನು ಆರಿಸಿ, ಇರುವ ಬೆಳಕಿಗೆ ವೈಟ್ ಬ್ಯಾಲೆನ್ಸ್ ಹೊಂದಿಸಿಕೊಂಡು ಮೇಲಿನ ನೀಲಿಯನ್ನೇ ನಂಬಬೇಕು.

ಹತ್ತಿರ ಹೋಗಿ ಎಂದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಕಡಲಕುದುರೆಯಂಥ ತಳವಾಸಿ ಮೀನುಗಳ ಮೇಲೆ ಸಂಶೋಧಕರು ಪರೀಕ್ಷಿಸಿದಾಗ, ಫ್ಲ್ಯಾಶಿಗಿಂತ ಅವನ್ನು ಕಂಗೆಡಿಸಿದ್ದು ಚಿತ್ರಕ್ಕಾಗಿ ಮುಟ್ಟಿ ಸರಿಸುವ ಕೈ. ನೇತ್ರಾಣಿಯ ಹವಳವೂ ಮೊಣಕೈ ಊರುವ ಕಟ್ಟೆಯಲ್ಲ, ಅದು ಜೀವಂತ. ಉಸಿರಿನ ಹದದಲ್ಲಿ ತೇಲಿಕೊಂಡೇ ಆ ಒಂದು ಗೇಣನ್ನು ತಲುಪಲು ಬಂದರೆ ಮಾತ್ರ ಚಿತ್ರ ತೆಗೆಯಬೇಕು. ಈಲ್ ಸಂದಿಯೊಳಕ್ಕೆ ಸರಿಯಿತೋ, ಕ್ಯಾಮೆರಾ ಇಳಿಸಿ ಮುಂದಿನ ಬಂಡೆಗೆ ಹೋಗಬೇಕು.