ಲೂಕನ ಸುವಾರ್ತೆ ಏನು ಹೇಳುತ್ತದೆ?

ಇಂಜೀಲ್ ಎಂಬ ಹೆಸರು ನಮ್ಮ ಮನೆಗಳ ಚಿಕ್ಕ ಮಕ್ಕಳಿಗೂ ಗೊತ್ತು. ತೌರಾತ್, ಝಬೂರ್, ಇಂಜೀಲ್, ಕುರ್‌ಆನ್ ಅಂತ ಮದ್ರಸದಲ್ಲಿ ಬೆರಳು ಮಡಚಿ ಎಣಿಸಿ ಕಲಿತಿರುತ್ತಾರೆ. ಆದರೆ ಕ್ರೈಸ್ತರು ಸುವಾರ್ತೆ ಎಂದು ಕರೆಯುವ ಪುಸ್ತಕವನ್ನು ತೆರೆದು ಒಂದು ಅಧ್ಯಾಯವನ್ನಾದರೂ ಪೂರ್ತಿ ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಮುಂಬೈ, ಪುಣೆ, ಹೈದರಾಬಾದಿನಲ್ಲಿರುವ ನಮ್ಮವರ ಮಕ್ಕಳು ಎಷ್ಟೋ ಮಂದಿ ಕಾನ್ವೆಂಟ್ ಶಾಲೆಗೆ ಹೋಗ್ತಾರೆ. ಡಿಸೆಂಬರ್ ಬಂದರೆ ಗೋದಲಿ ನೋಡ್ತಾರೆ, ಮನೆಗೆ ಬಂದು ಪ್ರಶ್ನೆ ಕೇಳ್ತಾರೆ. "ಅದು ನಮ್ಮದಲ್ಲ" ಅಂದುಬಿಟ್ಟು ನಾವು ಸುಮ್ಮನಾಗ್ತೇವೆ. ನಮ್ಮದಲ್ಲ, ನಿಜ. ಆದರೆ ಕುರ್‌ಆನನ್ನು ಓದದೆಯೇ ಅದರ ಬಗ್ಗೆ ತೀರ್ಪು ಕೊಡುವವರನ್ನು ಕಂಡರೆ ನಮಗೆ ಎಷ್ಟು ನೋವಾಗುತ್ತದೆ, ಅಲ್ವಾ? ಅದೇ ಅಳತೆಗೋಲು ನಮಗೂ ಅನ್ವಯಿಸಬೇಕು.

ಈ ಲೇಖನಕ್ಕೆ ಲೂಕನ ಸುವಾರ್ತೆಯನ್ನು ಆರಿಸಿಕೊಂಡಿದ್ದೇನೆ. ನಮಗೆ ಪರಿಚಿತರಾದವರು ಇದರ ಮೊದಲ ಪುಟದಲ್ಲೇ ಸಿಗುತ್ತಾರೆ ಅನ್ನೋದು ಒಂದು ಕಾರಣ. ಇದು ಎತ್ತುವ ಪ್ರಶ್ನೆ ನಮ್ಮನ್ನೂ ಬಿಡುವುದಿಲ್ಲ ಅನ್ನೋದು ಇನ್ನೊಂದು.

ಇಂಜೀಲ್ ಮತ್ತು ಸುವಾರ್ತೆ

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ಹಝ್ರತ್ ಈಸಾ (ಅ) ಅವರಿಗೆ ಅಲ್ಲಾಹನು ನೀಡಿದ ಗ್ರಂಥವೇ ಇಂಜೀಲ್ ಎಂಬುದು ನಮ್ಮ ವಿಶ್ವಾಸ. ಕ್ರೈಸ್ತರು ಸುವಾರ್ತೆ ಎನ್ನುವುದು ಯೇಸುವಿನ ಜೀವನ ಮತ್ತು ಬೋಧನೆಯನ್ನು ಕುರಿತ ಬರಹವನ್ನು. ಹೊಸ ಒಡಂಬಡಿಕೆಯಲ್ಲಿ ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ವರ ಹೆಸರಿನ ನಾಲ್ಕು ಸುವಾರ್ತೆಗಳಿವೆ. ಪದದ ಅರ್ಥ ಸರಳ: ಒಳ್ಳೆಯ ಸುದ್ದಿ.

ಲೂಕನ ಸುವಾರ್ತೆಯ ಮೂಲ ಭಾಷೆ ಗ್ರೀಕ್. ಒಟ್ಟು 24 ಅಧ್ಯಾಯ. ಕ್ರಿ.ಶ. 80ರಿಂದ 90ರ ಸುಮಾರಿಗೆ ಬರೆದದ್ದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಲೂಕ ವೈದ್ಯನಾಗಿದ್ದ ಎಂದು ಕ್ರೈಸ್ತ ಪರಂಪರೆ ಹೇಳುತ್ತದೆ. ಥೆಯೊಫಿಲ ಎಂಬವನನ್ನು ಉದ್ದೇಶಿಸಿ ಲೇಖಕ ಆರಂಭದಲ್ಲೇ ತನ್ನ ವಿಧಾನವನ್ನು ತಿಳಿಸುತ್ತಾನೆ: ಕಣ್ಣಾರೆ ಕಂಡವರಿಂದ ಬಂದ ಸಂಗತಿಗಳನ್ನು ಆಮೂಲಾಗ್ರವಾಗಿ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ, ಅಂತ.

ಕನ್ನಡ ಬೈಬಲ್ ಹಿಡಿದಾಗ ಹೆಸರುಗಳು ಗೊಂದಲ ಮಾಡಬಹುದು. ಯೇಸು ಎಂದರೆ ಈಸಾ, ಮರಿಯ ಎಂದರೆ ಮರ್ಯಮ್, ಗಬ್ರಿಯೇಲ ಎಂದರೆ ಜಿಬ್ರೀಲ್. ಸ್ನಾನಿಕ ಯೋಹಾನನೇ ನಮ್ಮ ಯಹ್ಯಾ (ಅ). ಸುವಾರ್ತೆಯ ಹೆಸರಿನ ಯೋಹಾನ ಬೇರೆ.

ಝಕರಿಯ್ಯಾ ಮತ್ತು ಮರ್ಯಮ್

ಸೂರಾ ಮರ್ಯಮ್ ಓದಿದವರಿಗೆ ಲೂಕನ ಮೊದಲ ಅಧ್ಯಾಯ ಹೊಸದೆನಿಸುವುದಿಲ್ಲ. ಎರಡೂ ಕಡೆ ವೃದ್ಧ ಝಕರಿಯ್ಯಾರಿಗೆ ಮಗನ ಶುಭವಾರ್ತೆ ಬರುತ್ತದೆ. ಎರಡೂ ಕಡೆ ಅವರ ಮಾತು ನಿಲ್ಲುತ್ತದೆ. ಆದರೆ ಕುರ್‌ಆನಿನಲ್ಲಿ ಅದು ಝಕರಿಯ್ಯಾ (ಅ) ತಾವೇ ಕೇಳಿಕೊಂಡ ಸಂಕೇತ, ಮೂರು ದಿನದ್ದು. ಲೂಕನಲ್ಲಿ ಅವರು ನಂಬದೆ ಹೋದದ್ದಕ್ಕೆ ಬಂದದ್ದು, ಮಗುವಿಗೆ ಹೆಸರಿಡುವವರೆಗೂ ಇರುತ್ತದೆ. ಮರ್ಯಮರ ಹೆರಿಗೆಯೂ ಹಾಗೆಯೇ. ಕುರ್‌ಆನಿನಲ್ಲಿ ಅವರು ಒಬ್ಬಂಟಿ, ಖರ್ಜೂರದ ಮರದ ಬುಡದಲ್ಲಿ. ಲೂಕನಲ್ಲಿ ಬೇತ್ಲೆಹೇಮಿನಲ್ಲಿ ತಂಗಲು ಜಾಗ ಸಿಗದೆ ಮಗುವನ್ನು ಗೋದಲಿಯಲ್ಲಿ ಮಲಗಿಸುತ್ತಾರೆ. ಆ ಸುದ್ದಿ ಮೊದಲು ತಲುಪುವುದು ರಾತ್ರಿ ಹೊಲದಲ್ಲಿ ಮಂದೆ ಕಾಯುವ ಕುರುಬರಿಗೆ.

ಇದನ್ನು ಗಮನಿಸಿ. ಜಾಗ ಸಿಗದವರು, ಊರ ಹೊರಗಿನ ಕುರುಬರು. ಹೊರಗೆ ನಿಂತವರಿಂದಲೇ ಲೂಕ ಕಥೆ ಶುರು ಮಾಡ್ತಾನೆ.

ಊರವರಿಗೆ ಸಿಟ್ಟು ಬಂದದ್ದೇಕೆ?

ನಾಲ್ಕನೇ ಅಧ್ಯಾಯದಲ್ಲಿ ಯೇಸು ತನ್ನ ಊರಾದ ನಜರೇತಿನ ಸಭಾಮಂದಿರದಲ್ಲಿ ಪ್ರವಾದಿ ಯೆಶಾಯನ ಗ್ರಂಥದಿಂದ ಓದುತ್ತಾನೆ. ಬಡವರಿಗೆ ಶುಭವಾರ್ತೆ, ಸೆರೆಯಲ್ಲಿರುವವರಿಗೆ ಬಿಡುಗಡೆ ಎಂಬ ಭಾಗ. ಜನ ಮೆಚ್ಚುತ್ತಾರೆ. ಆಮೇಲೆ ಆತ ಎರಡು ಹಳೆಯ ಘಟನೆಗಳನ್ನು ನೆನಪಿಸುತ್ತಾನೆ. ಬರಗಾಲದಲ್ಲಿ ಎಲೀಯನನ್ನು ಕಳುಹಿಸಿದ್ದು ಪರನಾಡಿನ ಒಬ್ಬ ವಿಧವೆಯ ಬಳಿಗೆ. ಎಲೀಷನ ಕಾಲದಲ್ಲಿ ಕುಷ್ಠ ವಾಸಿಯಾದದ್ದು ಸಿರಿಯಾದ ನಾಮಾನನಿಗೆ. ಇಷ್ಟು ಹೇಳಿದ್ದೇ ತಡ, ಮೆಚ್ಚಿದ ಜನರೇ ಆತನನ್ನು ಗುಡ್ಡದ ಅಂಚಿನಿಂದ ತಳ್ಳಲು ಎಳೆದೊಯ್ಯುತ್ತಾರೆ. ದೇವರ ಕರುಣೆ ಬಡವರಿಗೆ ಎಂದಾಗ ಅವರಿಗೆ ಖುಷಿ. ಆ ಕರುಣೆ ಪರಕೀಯರಿಗೂ ಇದೆ ಎಂದಾಗ ಸಿಟ್ಟು. ಇಡೀ ಸುವಾರ್ತೆಗೆ ಬೀಗದ ಕೈ ಇಲ್ಲಿದೆ ಅಂತ ನನಗನಿಸುತ್ತದೆ.

ನೆರೆಯವನು ಯಾರು?

ಹತ್ತನೇ ಅಧ್ಯಾಯದ ಸಮಾರ್ಯದವನ ಸಾಮ್ಯ ನಾಲ್ಕರಲ್ಲಿ ಲೂಕನಲ್ಲಿ ಮಾತ್ರ ಇದೆ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ ಒಬ್ಬನನ್ನು ಕಳ್ಳರು ಹೊಡೆದು ಬೀಳಿಸುತ್ತಾರೆ. ಒಬ್ಬ ಯಾಜಕ, ಮತ್ತೊಬ್ಬ ಲೇವಿಯ ಆಚೆ ಬದಿಯಿಂದ ಹಾದು ಹೋಗ್ತಾರೆ. ಗಾಯಕ್ಕೆ ಕಟ್ಟು ಹಾಕಿ, ತನ್ನ ವಾಹನದ ಮೇಲೆ ಕೂರಿಸಿ, ಛತ್ರಕ್ಕೆ ಕರೆದೊಯ್ದು ಖರ್ಚು ಕೊಡುವವನು ಒಬ್ಬ ಸಮಾರ್ಯದವನು. ಯಹೂದ್ಯರಿಗೂ ಸಮಾರ್ಯದವರಿಗೂ ಆಗುತ್ತಿರಲಿಲ್ಲ. ಆರಾಧನೆಯ ಸ್ಥಳದಿಂದಲೇ ಜಗಳ: ಅವರಿಗೆ ಯೆರೂಸಲೇಮ್, ಇವರಿಗೆ ಗೆರಿಜ್ಜೀಮ್ ಬೆಟ್ಟ.

"ನನ್ನ ನೆರೆಯವನು ಯಾರು?" ಅಂತ ಧರ್ಮಶಾಸ್ತ್ರಿ ಕೇಳಿದ್ದ. ಅಂದ್ರೆ, ಗೆರೆ ಎಲ್ಲಿ ಎಳೆಯಲಿ ಎಂಬ ಪ್ರಶ್ನೆ. ಯೇಸು ಅದನ್ನು ತಿರುಗಿಸುತ್ತಾನೆ: ಬಿದ್ದವನಿಗೆ ನೆರೆಯವನಾದವನು ಯಾರು? ನೆರೆಯವನನ್ನು ಹುಡುಕುವುದಲ್ಲ, ನೆರೆಯವನಾಗುವುದು. ನಮಗೂ ಇದು ಅಪರಿಚಿತ ಮಾತಲ್ಲ. ಸೂರಾ ಅನ್ನಿಸಾದ 36ನೇ ಸೂಕ್ತ ಬಂಧುವಾದ ನೆರೆಯವನ ಜೊತೆಗೆ ಅಪರಿಚಿತ ನೆರೆಯವನನ್ನೂ ಹೆಸರಿಸುತ್ತದೆ. ಈ ಸಾಮ್ಯದ ಹೆಸರು ನಮ್ಮ ದೇಶದ ಕಾನೂನಿಗೂ ಬಂದಿದೆ. ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾದವರನ್ನು ರಕ್ಷಿಸಲು 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮು 'ಗುಡ್ ಸಮಾರಿಟನ್' ಎಂಬ ಹೆಸರನ್ನೇ ಬಳಸುತ್ತದೆ.

ಕಳೆದುಹೋದವರು

ಯೇಸು ಪಾಪಿಗಳ ಜೊತೆ ಕೂತು ಊಟ ಮಾಡ್ತಾನೆ ಎಂದು ಫರಿಸಾಯರು ಗೊಣಗಿದಾಗ ಹದಿನೈದನೇ ಅಧ್ಯಾಯದ ಮೂರು ಸಾಮ್ಯಗಳು ಬರುತ್ತವೆ: ಕಳೆದ ಕುರಿ, ಕಳೆದ ನಾಣ್ಯ, ಕಳೆದುಹೋದ ಮಗ. ಪಶ್ಚಾತ್ತಾಪಪಟ್ಟ ದಾಸನನ್ನು ಕಂಡು ಅಲ್ಲಾಹನಿಗೆ ಆಗುವ ಸಂತೋಷ, ಮರುಭೂಮಿಯಲ್ಲಿ ಕಳೆದ ಒಂಟೆ ಸಿಕ್ಕವನ ಸಂತೋಷಕ್ಕಿಂತ ಹೆಚ್ಚು ಎಂಬ ಹದೀಸ್ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಅದನ್ನು ಬಲ್ಲವರಿಗೆ ಈ ಅಧ್ಯಾಯದ ಮಿಡಿತ ತಟ್ಟನೆ ತಿಳಿಯುತ್ತದೆ.

ಆದರೆ ಮೂರನೇ ಸಾಮ್ಯವನ್ನು ನಾವು ಅರ್ಧಕ್ಕೇ ನಿಲ್ಲಿಸುತ್ತೇವೆ. ಪಾಲಿನ ಆಸ್ತಿ ಹಾಳು ಮಾಡಿದ ಕಿರಿಯ ಮಗ ಮರಳುತ್ತಾನೆ, ತಂದೆ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹೊಲದಿಂದ ಬಂದ ಹಿರಿಯ ಮಗ ಮನೆಯೊಳಗೆ ಕಾಲಿಡಲು ಒಪ್ಪುವುದಿಲ್ಲ. ಅವನು ಕೆಟ್ಟವನಲ್ಲ, ಒಂದು ಮಾತೂ ಮೀರದೆ ದುಡಿದವನು. ಅಪ್ಪ ಹೊರಗೆ ಬಂದು ಅವನನ್ನೂ ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೇ? ಲೂಕ ಹೇಳುವುದಿಲ್ಲ.

ಹಣ

ಶ್ರೀಮಂತ ಮತ್ತು ಲಾಜರನ ಸಾಮ್ಯದಲ್ಲಿ (16ನೇ ಅಧ್ಯಾಯ) ಶ್ರೀಮಂತನು ಭಿಕ್ಷುಕನನ್ನು ಹೊಡೆದ, ಬೈದ ಎಂದೇನೂ ಇಲ್ಲ. ಬಾಗಿಲಲ್ಲೇ ಬಿದ್ದಿದ್ದವನಿಗೆ ಏನೂ ಮಾಡಲಿಲ್ಲ, ಅಷ್ಟೇ. ಸತ್ತ ಮೇಲೆ ಲಾಜರ ಹಝ್ರತ್ ಇಬ್ರಾಹೀಮರ (ಅ) ಮಡಿಲಲ್ಲಿ, ಶ್ರೀಮಂತ ಯಾತನೆಯಲ್ಲಿ. ಹತ್ತೊಂಬತ್ತನೇ ಅಧ್ಯಾಯದ ಜಕ್ಕಾಯ ಇದಕ್ಕೆ ಎದುರು. ಆತ ರೋಮನ್ ಆಡಳಿತಕ್ಕಾಗಿ ಸುಂಕ ವಸೂಲಿ ಮಾಡಿ ಸಿರಿವಂತನಾದವನು, ಜನರ ಕಣ್ಣಲ್ಲಿ ಪಾಪಿ. ಯೇಸು ಅವನ ಮನೆಗೆ ಹೋಗುತ್ತಾನೆ. ಜಕ್ಕಾಯ ಆಸ್ತಿಯ ಅರ್ಧವನ್ನು ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದರ ನಾಲ್ಕರಷ್ಟನ್ನು ಕಳೆದುಕೊಂಡವರಿಗೆ ಕೊಡುತ್ತೇನೆ ಅನ್ನುತ್ತಾನೆ. ಲೂಕನ ಪಶ್ಚಾತ್ತಾಪ ಕಣ್ಣೀರಿನಲ್ಲಿ ಮುಗಿಯುವುದಿಲ್ಲ, ಲೆಕ್ಕ ಚುಕ್ತಾ ಆಗಬೇಕು. ಕಸಿದುಕೊಂಡ ಹಕ್ಕನ್ನು ಹಿಂದಿರುಗಿಸದೆ ತೌಬಾ ಪೂರ್ಣವಾಗದು ಎಂದು ನಮ್ಮ ಉಲಮಾಗಳು ಹೇಳುವುದೂ ಇದನ್ನೇ ತಾನೇ?

ಭೇದವನ್ನು ಮರೆಮಾಚಬೇಕಿಲ್ಲ

ಹೋಲಿಕೆ ಇದೆ ಅಂತ ಎರಡೂ ಒಂದೇ ಎಂದರೆ ಇಬ್ಬರಿಗೂ ಮೋಸ ಮಾಡಿದ ಹಾಗೆ. ಲೂಕನಿಗೆ ಯೇಸು ದೇವಕುಮಾರ. ಶಿಲುಬೆಯ ಮರಣ, ಮೂರನೆಯ ದಿನದ ಪುನರುತ್ಥಾನ ಅವನ ಬರಹದ ಶಿಖರ. ನಮಗೆ ಈಸಾ (ಅ) ಮಸೀಹ್, ಮರ್ಯಮರ ಪುತ್ರ, ಶ್ರೇಷ್ಠ ಪ್ರವಾದಿ. ಅವರನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲಿಲ್ಲ ಎಂದು ಸೂರಾ ಅನ್ನಿಸಾ ಸ್ಪಷ್ಟವಾಗಿ ಹೇಳುತ್ತದೆ. ಈ ಭೇದವನ್ನು ನೇರವಾಗಿ, ಮರ್ಯಾದೆಯಿಂದ ಹೇಳಬಹುದು. ಗ್ರಂಥದವರೊಂದಿಗೆ ಅತ್ಯುತ್ತಮ ರೀತಿಯಲ್ಲೇ ಸಂವಾದ ಮಾಡಿ ಎಂಬ ಆದೇಶ ಸೂರಾ ಅಲ್-ಅನ್‌ಕಬೂತಿನಲ್ಲಿದೆ. ಎದುರಿನವರ ಪುಸ್ತಕ ಓದದೆ ಅತ್ಯುತ್ತಮ ಸಂವಾದ ಸಾಧ್ಯವೇ?

ವಿದ್ಯಾರ್ಥಿಗಳಿಗೆ ಒಂದು ಸಲಹೆ: 1, 4, 10, 15, 16, 19ನೇ ಅಧ್ಯಾಯಗಳಿಂದ ಶುರು ಮಾಡಿ. ಮೊದಲ ಓದಿನಲ್ಲಿ ಖಂಡಿಸಲೂ ಬೇಡಿ, ಹೋಲಿಸಲೂ ಬೇಡಿ. ಹೇಳುವವನು ಏನು ಹೇಳ್ತಿದ್ದಾನೆ ಅಂತ ಕೇಳಿಸಿಕೊಳ್ಳಿ. ಹೋಲಿಕೆ, ವಿಮರ್ಶೆ ಎರಡನೇ ಓದಿಗಿರಲಿ.

ಹೊರನಾಡಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿ ಬಾಗಿಲು ಹಾಕಿಸಿಕೊಂಡ ಅನುಭವ ನಮ್ಮಲ್ಲಿ ಅನೇಕರಿಗಿದೆ. ಹಾಗಾಗಿ ಲೂಕ ಓದುವಾಗ ಹೊರಗೆ ನಿಂತವನ ಜಾಗದಲ್ಲಿ ನಮ್ಮನ್ನು ಇಟ್ಟು ನೋಡುವುದು ಸುಲಭ. ಆದರೆ ಐದು ಹೊತ್ತು ನಮಾಝ್ ಮಾಡುವ, ಹಲಾಲ್ ದುಡಿಯುವ ನಾವು ಆ ಹಿರಿಯ ಮಗನೂ ಆಗಿರಬಹುದು. ತಪ್ಪು ಮಾಡಿ ಮರಳಿದವರನ್ನು, ಬಡ ಮೊಹಲ್ಲಾದವರನ್ನು, ಬೇರೆ ಮಸ್ಲಕಿನವರನ್ನು ನಾವು ಎಷ್ಟು ಸಲ ಹೊರಗೇ ನಿಲ್ಲಿಸಿಲ್ಲ? ಆ ಲೆಕ್ಕವನ್ನು ಮಾಡಿಕೊಂಡು ಹದಿನೈದನೇ ಅಧ್ಯಾಯವನ್ನು ಕೊನೆಯವರೆಗೂ ಓದಿ.